ಅಪ್‌ಡೇಟ್: ಬೆಂಗಳೂರಿನ ಲ್ಯಾಬ್ ವಿಸಿಟ್ ಆಯ್ತು

ಹಾಸನದಲ್ಲಿ ಫಾರ್ಮಕಾಲಜಿ ಪಿಎಚ್‌ಡಿ ಶುರು ಮಾಡಿದೀನಿ, ಬೇರೆ ಲ್ಯಾಬಲ್ಲಿ ಪ್ಯಾಚ್ ಕ್ಲ್ಯಾಂಪ್ (ಜೀವಕೋಶದ ಪೊರೆ ದಾಟೋ ಸಣ್ಣ ಕರೆಂಟ್ ಅಳೆಯೋ ಟೆಕ್ನಿಕ್) ನೋಡೋಕೆ ಹೇಗೆ ಕೇಳೋದು ಅಂದಿದ್ದೆನಲ್ಲ, ನೀವು ಹೇಳಿದ ಹಾಗೆ ಉದ್ದದ ಸಿವಿ ಬಿಟ್ಟು ಕಲೀಬೇಕಾಗಿರೋ ಟೆಕ್ನಿಕ್ ಒಂದನ್ನೇ ಬರೆದು ಮೇಲ್ ಹಾಕ್ದೆ, ಆ ಲ್ಯಾಬಿನ ಮೇಡಂ ಬನ್ನಿ ಅಂದ್ರು. ವಿಜ್ಞಾನಿಗಳಾದ ನೇಹರ್, ಸಾಕ್‌ಮನ್‌ಗೆ 1991ರ ನೊಬೆಲ್ ತಂದುಕೊಟ್ಟ ಟೆಕ್ನಿಕ್, ಆದ್ರೆ ಎದುರಿಗೆ ನೋಡಿದ್ರೆ ಕೂದಲಿಗಿಂತ ಸಣ್ಣ ತುದಿಯ ಗಾಜಿನ ಪಿಪೆಟನ್ನ ಜೀವಕೋಶಕ್ಕೆ ತಾಗಿಸಿ, ಟ್ಯೂಬಲ್ಲಿ ಬಾಯಿಂದಲೇ ಮೆಲ್ಲಗೆ ಗಾಳಿ ಎಳೀತಾರೆ ಮಾರಾಯ್ರೆ, ರೆಸಿಸ್ಟೆನ್ಸ್ ಗಿಗಾಓಮ್ (ನೂರು ಕೋಟಿ ಓಮ್) ದಾಟಿದ್ರೆ ಸೀಲ್ ಆಯ್ತು, ಅಂದ್ರೆ ತುದಿ ಕೋಶಕ್ಕೆ ಗಟ್ಟಿಯಾಗಿ ಅಂಟ್ತು ಅಂತ, ಅಷ್ಟರಲ್ಲಿ ಯಾರಾದ್ರೂ ಟೇಬಲ್ ಅಲ್ಲಾಡಿಸಿದ್ರೆ ಕಥೆ ಮುಗೀತು. ಇಲಿ ಮುಟ್ಟೋಕೆ ಮಾತ್ರ ಬಿಡ್ಲಿಲ್ಲ, ಎಥಿಕ್ಸ್ ಕಮಿಟಿ ಒಪ್ಪಿದ ಪ್ರೋಟೋಕಾಲಲ್ಲಿ ನನ್ ಹೆಸರಿಲ್ವಲ್ಲ, ಅದು ಸರೀನೇ. ಮುಂದಿನ ಸಲ ಜಾಸ್ತಿ ದಿನ ಇರೋಕೆ ನಮ್ ಗೈಡ್ ಲೆಟರ್ ಕೊಡ್ತೀನಿ ಅಂದಿದಾರೆ, ಉಳ್ಕೊಳ್ಳೋಕೆ ಪಿಜಿ ಹುಡುಕ್ತಿದೀನಿ.