ತೈಚಿ 24 ಭಂಗಿ ಕಂಠಪಾಠ ಆಗಿದೆ, ಆದರೂ ‘ಬರೀ ಡ್ಯಾನ್ಸು’ ಅಂದುಬಿಟ್ಟರು. ಎಲ್ಲಿ ತಪ್ಪಿದೆ?

ಪ್ರಶ್ನೆ (ಮೈಸೂರು, 59 ವರ್ಷ):
ನಮಸ್ಕಾರ ಸಾರ್. ಬ್ಯಾಂಕಿನಿಂದ ಸ್ವಯಂನಿವೃತ್ತಿ ತಗೊಂಡ ಮೇಲೆ ಯೂಟ್ಯೂಬ್ ನೋಡಿಕೊಂಡು ತೈಚಿ ಅನ್ನೋ ನಿಧಾನ ಚಲನೆಯ ಚೀನೀ ಯುದ್ಧಕಲೆಯ 24 ಭಂಗಿಗಳ ಫಾರ್ಮ್, ಅಂದರೆ ಒಂದರ ಹಿಂದೊಂದು ಬರೋ ಭಂಗಿಗಳ ಸರಣಿ, ಕಲಿತೆ. ನಾಲ್ಕು ತಿಂಗಳು ಹಿಡಿಯಿತು. ಈಗ ವಿಡಿಯೊ ಹಾಕಿಕೊಳ್ಳದೆ ಮೊದಲಿಂದ ಕೊನೆವರೆಗೆ ಮಾಡ್ತೀನಿ, ಆರು ನಿಮಿಷ ಆಗುತ್ತೆ. ಹೋದ ತಿಂಗಳು ಪಾರ್ಕಿನಲ್ಲಿ ಒಬ್ಬ ಹಳಬರು ಪೂರ್ತಿ ನಿಂತು ನೋಡಿ, ‘ನೋಡೋಕೆ ಚೆನ್ನಾಗಿದೆ, ಆದರೆ ಬರೀ ಡ್ಯಾನ್ಸು. ಒಳಗೆ ತತ್ವ ಇಲ್ಲ’ ಅಂದರು. ಆ ತತ್ವ ಅಂದರೇನು, ಎಲ್ಲಿಂದ ಶುರು ಮಾಡಲಿ? 48 ಭಂಗಿಯ ಫಾರ್ಮ್ ಕಲಿತರೆ ಬರುತ್ತಾ? ಎರಡು ತಿಂಗಳಿಂದ ಬಲಮಂಡಿಯ ಒಳಪಕ್ಕ ಬೇರೆ ನೋಯ್ತಿದೆ.

ಉತ್ತರ:
48ರ ವಿಚಾರ ಸದ್ಯಕ್ಕೆ ಬಿಟ್ಟುಬಿಡಿ ಸಾರ್. ಸರಳೆ ವರಸೆ ಹಾಡದೆ ನೇರ ಕೃತಿಗೆ ಕೈಹಾಕಿದ ಹಾಗಾಗಿದೆ ನಿಮ್ಮ ಕಥೆ. ಇನ್ನೊಂದು ಕೃತಿ ಕಲಿತ ಮಾತ್ರಕ್ಕೆ ಶ್ರುತಿ ಸೇರಲ್ಲ.

ತಪ್ಪು ಪೂರ್ತಿ ನಿಮ್ಮದೂ ಅಲ್ಲ. ಈ 24 ಭಂಗಿಗಳನ್ನ 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಮನೆತನದ ಶೈಲಿಯ ಉದ್ದನೆಯ ಫಾರ್ಮ್‌ನಿಂದ ಆರಿಸಿ ಜೋಡಿಸಿತು, ಜನಸಾಮಾನ್ಯರು ಬೇಗ ಕಲಿಯಲಿ ಅಂತ. ಬೇಗ ಬರುತ್ತೆ, ಹಾಗಾಗಿ ಬಂತು ಅನ್ನೋ ಭ್ರಮೆನೂ ಬೇಗ ಬರುತ್ತೆ.

ತತ್ವ ಅಂದ ತಕ್ಷಣ ಕಪ್ಪು-ಬಿಳಿ ಯಿನ್-ಯಾಂಗ್ ಚಕ್ರ ತೋರಿಸಿ ಭಾಷಣ ಬಿಗಿಯೋರು ಬಹಳ ಜನ ಇದ್ದಾರೆ. ಅಭ್ಯಾಸಕ್ಕೆ ಬೇಕಾದ ತತ್ವ ಇರೋದು ಮೈಯಲ್ಲಿ. ಅದೇ ಯಾಂಗ್ ಮನೆತನದ ಗುರು ಯಾಂಗ್ ಚೆಂಗ್‌ಫು (1883–1936) ಬಾಯಲ್ಲಿ ಹೇಳಿ, ಶಿಷ್ಯ ಚೆನ್ ವೇಮಿಂಗ್ ಬರೆದುಕೊಂಡ ಹತ್ತು ಸೂತ್ರಗಳಿವೆ. ನೆತ್ತಿ ಹಗುರವಾಗಿ ಮೇಲಕ್ಕಿರಲಿ, ಎದೆ ಉಬ್ಬಿಸಬೇಡ, ಸೊಂಟ ಸಡಿಲಿಸು, ಹೆಗಲಿಳಿಸಿ ಮೊಣಕೈ ಜೋತುಬಿಡು, ಬಲ ಬೇಡ ಮನಸ್ಸು ಬಳಸು, ಹೀಗೆ ಹೋಗುತ್ತೆ. ನಾಲ್ಕನೆಯದು ‘ಪೊಳ್ಳು ಯಾವುದು, ಗಟ್ಟಿ ಯಾವುದು ಬೇರ್ಪಡಿಸು’. ಎಣಿಕೆಯಲ್ಲಿ ನಾಲ್ಕನೆಯದು, ಆದರೆ ಅದರ ವಿವರಣೆ ಶುರುವಾಗೋದೇ ತೈಚಿಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇದು ಅಂತ. ನಾನೂ ಅಲ್ಲಿಂದಲೇ ಕಲಿಸೋದು.

ಮೈಭಾರ ಹೊತ್ತ ಕಾಲು ಗಟ್ಟಿ, ಹೊರದ ಕಾಲು ಪೊಳ್ಳು. ಕೇಳೋಕೆ ಇಷ್ಟೇ. ಈಗ ನಿಮ್ಮ ಎರಡನೇ ಭಂಗಿಯನ್ನೇ ತಗೊಳ್ಳಿ, ಕಾಡುಕುದುರೆಯ ಜೂಲು ಸೀಳೋದು. ಎಡ, ಬಲ, ಎಡ, ಮೂರು ಸಲ ಬರುತ್ತೆ. ಮೊದಲ ಎಡ ಮುಗಿಸಿ ಬಲಕ್ಕೆ ಹೋಗುವಾಗ ಭಾರ ಹಿಂದಿನ ಬಲಗಾಲಿಗೆ ವಾಪಸ್ ಬರಬೇಕು. ಎಡಪಾದದ ಬೆರಳು ನೆಲ ಬಿಟ್ಟು ಏಳಬೇಕು. ಸೊಂಟ ತಿರುಗಿದಂತೆ ಆ ಪಾದವೂ 45 ಡಿಗ್ರಿಯಷ್ಟು ಹೊರಕ್ಕೆ ತಿರುಗಬೇಕು. ಆಮೇಲೆ ಭಾರವೆಲ್ಲ ಎಡಗಾಲಿಗೆ ಇಳಿದು, ಬಲಗಾಲು ಪೊಳ್ಳಾಗಿ ಪಕ್ಕಕ್ಕೆ ಬಂದು, ಮುಂದೆ ಹೋಗಿ ಹಿಮ್ಮಡಿ ಮಾತ್ರ ನೆಲ ಮುಟ್ಟಬೇಕು. ಮುಟ್ಟಿದ ಆ ಗಳಿಗೆ ಹಿಮ್ಮಡಿ ಮೇಲೆ ಭಾರ ಸೊನ್ನೆ. ಬೆಕ್ಕು ಕಾಂಪೌಂಡ್ ಗೋಡೆ ಮೇಲೆ ನಡೆಯೋದನ್ನ ನೋಡಿ: ಮೊದಲು ಕಾಲಿಡುತ್ತೆ, ಜಾಗ ಗಟ್ಟಿ ಅಂತ ಗೊತ್ತಾದ ಮೇಲೆ ಭಾರ ಬಿಡುತ್ತೆ. ನಾವು ಮಾಡೋದು ಮುಂದಕ್ಕೆ ಬಿದ್ದು ಕಾಲಲ್ಲಿ ತಡೆದುಕೊಳ್ಳೋದು. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ, ಪಾರ್ಕಿನ ಆ ಹಳಬರಂಥವರ ಕಣ್ಣಿಗೆ ಮಾತ್ರ ಬೇರೆ.

ಮನೇಲೇ ಪರೀಕ್ಷೆ ಮಾಡಬಹುದು. ಮುಂದಿನ ಕಾಲು ಬೀಳೋ ಜಾಗದಲ್ಲಿ ತೂಕ ನೋಡೋ ಯಂತ್ರ ಇಡಿ, ಹಿಂದಿನ ಕಾಲಿಗೆ ಅಷ್ಟೇ ಎತ್ತರದ ಊಟದ ಮಣೆ. ಮುಳ್ಳು ತಿರುಗೋ ಹಳೇ ಯಂತ್ರ ಆದರೆ ಒಳ್ಳೇದು, ಡಿಜಿಟಲ್‌ನಲ್ಲಿ ಅಂಕಿ ನಿಲ್ಲೋ ಹೊತ್ತಿಗೆ ನಿಮ್ಮ ಕಳ್ಳತನ ಮುಗಿದಿರುತ್ತೆ. ಗೋಡೆ ಪಕ್ಕದಲ್ಲಿ ಮಾಡಿ. ಮುಳ್ಳನ್ನ ಬೇರೆಯವರು ನೋಡಲಿ, ನೀವು ಬಗ್ಗಿ ನೋಡಿದರೆ ಅಲ್ಲೇ ಭಾರ ಮುಂದಕ್ಕೆ ಹೋಗುತ್ತೆ.

ಮಂಡಿಗೂ ಇದಕ್ಕೂ ನಂಟಿದೆ ಅಂತ ನನ್ನ ಅನುಮಾನ. ಭಾರ ತೆಗೆಯದೆ ಪಾದ ತಿರುಗಿಸೋಕೆ ಹೋದರೆ, ಇಲ್ಲವೇ ಪಾದ ನೆಲಕ್ಕೆ ಮೊಳೆ ಹೊಡೆದ ಹಾಗಿದ್ದು ಸೊಂಟ ಮಾತ್ರ ತಿರುಗಿದರೆ, ಆ ತಿರುಚೆಲ್ಲ ನಡುವೆ ಸಿಕ್ಕ ಮಂಡಿಗೆ ಬೀಳುತ್ತೆ. ಮಂಡಿ ಹೆಚ್ಚುಕಮ್ಮಿ ಬಾಗಿಲ ಕೀಲಿನ ಥರ, ಅದು ಮಡಚೋಕೆ ಇರೋದು. ತಿರುಗಬೇಕಾದ್ದು ತೊಡೆಸಂದಿನಲ್ಲಿ. ಚೀನೀಯರು ಆ ಜಾಗಕ್ಕೆ ‘ಕುವಾ’ ಅಂತಾರೆ, ಪಾಠದಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳೋ ಪದ. ಇದು ಗೊತ್ತಿಲ್ಲದೆ ನಾನೇ ಎಂಟು ತಿಂಗಳು ಮಂಡಿಗೆ ಪಟ್ಟಿ ಸುತ್ತಿಕೊಂಡು ಓಡಾಡಿದ್ದೀನಿ, ಅದೂ ಮೂರು ಬೇರೆ ಬೇರೆ ಫಾರ್ಮ್ ಬರುತ್ತೆ ಅಂತ ಬೀಗುತ್ತಿದ್ದ ಕಾಲದಲ್ಲಿ. ಮಂಡಿಚಿಪ್ಪು ಪಾದದ ದಿಕ್ಕಿಗೇ ಇರಲಿ, ಒಳಕ್ಕೆ ವಾಲಬಾರದು, ಬೆರಳ ತುದಿ ದಾಟಬಾರದು. ಆದರೆ ಎರಡು ತಿಂಗಳ ನೋವು ಅಂದರೆ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ನಾನಿಲ್ಲಿ ಕೂತು ಹೇಳ್ತಿರೋದು ಊಹೆ.

ಪ್ರಶ್ನೆ (ಶಿವಮೊಗ್ಗ, ಶಿಕ್ಷಕಿ):
ಸಾರ್, ನಮ್ಮ ತರಗತೀಲಿ ‘ಸೊಂಗ್, ಸೊಂಗ್’ ಅಂತಾರೆ, ಮೈ ಸಡಿಲ ಬಿಡಿ ಅಂತ. ಬಿಟ್ಟರೆ ಬೆನ್ನು ಗೂನಾಗುತ್ತೆ. ನೆಟ್ಟಗೆ ನಿಂತರೆ ಹೆಗಲು ಬಿಗಿಯುತ್ತೆ. ಎರಡೂ ಒಟ್ಟಿಗೆ ಹೇಗೆ?

ಉತ್ತರ:
ಮೇಡಂ, ತಂತಿ ಮೇಲೆ ಒಗೆದ ಸೀರೆ ಹರವಿದ್ದೀರಲ್ಲ, ಸೀರೆ ಎಷ್ಟು ಸಡಿಲವಾಗಿ ಇಳಿಬಿದ್ದಿರುತ್ತೆ! ತಂತಿ ಬಿಗಿಯಾಗಿರೋದರಿಂದ ತಾನೇ? ತಂತಿಯೂ ಸಡಿಲ ಆದರೆ ಸೀರೆ ಮಣ್ಣಲ್ಲಿ. ಸೊಂಗ್ ಅಂದರೆ ಸೀರೆ ಇಳಿಬೀಳೋದು, ತಂತಿ ಜೋಲೋದಲ್ಲ.

ತಂತಿ ಅಂದರೆ ನೆತ್ತಿಯಿಂದ ಬಾಲಮೂಳೆವರೆಗಿನ ಗೆರೆ. ತಲೆ ಮೇಲೆ ತುಂಬಿದ ಕೊಡ ಇದೆ ಅಂದುಕೊಳ್ಳಿ. ಕತ್ತು ಬಿಗಿ ಹಿಡಿದರೆ ನೀರು ತುಳುಕುತ್ತೆ, ಕತ್ತು ಬಿಟ್ಟರೆ ಕೊಡವೇ ಬೀಳುತ್ತೆ. ಆ ಗೆರೆ ಸಿಕ್ಕ ಮೇಲೆ ಹೆಗಲು, ಮೊಣಕೈ, ಎದೆ, ಹೊಟ್ಟೆ ಒಂದೊಂದಾಗಿ ಕೆಳಕ್ಕೆ ಬಿಡ್ತಾ ಬನ್ನಿ. ಚಲನೆ ಇಲ್ಲದೆ ಸುಮ್ಮನೆ ನಿಂತು ಇದನ್ನ ಮಾಡೋ ಅಭ್ಯಾಸಕ್ಕೆ ‘ಝಾನ್ ಝುವಾಂಗ್’ ಅಂತ ಹೆಸರು, ಕಂಬದ ಹಾಗೆ ನಿಲ್ಲೋದು. ಮೊದಲ ವಾರ ಮೂರು ನಿಮಿಷ ಸಾಕು. ಮೂರನೇ ನಿಮಿಷಕ್ಕೆ ತೊಡೆ ನಡುಗೋಕೆ ಶುರುವಾದರೆ ಸರಿಯಾಗಿದೆ, ಹೆಗಲು ನಡುಗಿದರೆ ಏನೋ ಎತ್ತಿ ಹಿಡಿದಿದ್ದೀರಿ ಅಂತ ಅರ್ಥ.

ಪ್ರಶ್ನೆ (ಬೆಂಗಳೂರು):
ತೈಚಿಯ ‘ಚಿ’ ಅಂದರೆ ನಮ್ಮ ಪ್ರಾಣಶಕ್ತಿ ತಾನೇ?

ಉತ್ತರ:
ಅಲ್ಲ. ಇಂಗ್ಲಿಷ್ ಕಾಗುಣಿತದಿಂದ ಹುಟ್ಟಿದ ಗೊಂದಲ ಇದು. ಕಲೆಯ ಪೂರ್ತಿ ಹೆಸರು ‘ತೈಜಿಚ್ವಾನ್’. ಅದರ ‘ಜಿ’ ಅಂದರೆ ತುತ್ತತುದಿ. ಆ ಅಕ್ಷರದ ಹಳೇ ಅರ್ಥ ಮನೆಯ ಮಾಡಿನ ನೆತ್ತಿ ತೊಲೆ, ಎರಡೂ ಕಡೆಯ ಇಳಿಜಾರು ಬಂದು ಸೇರೋ ಜಾಗ. ‘ಚ್ವಾನ್’ ಅಂದರೆ ಮುಷ್ಟಿ. ಉಸಿರು, ಪ್ರಾಣ ಅನ್ನೋ ಅರ್ಥದ ‘ಛಿ’ ಬೇರೆ ಅಕ್ಷರ, ಬೇರೆ ಉಚ್ಚಾರ. ಆ ಛಿ ಕೂಡ ಪಾಠದಲ್ಲಿ ಬರುತ್ತೆ, ಆದರೆ ಮೊದಲ ವರ್ಷ ಅದರ ಹಿಂದೆ ಬೀಳಬೇಡಿ. ಅಂಗೈ ಬೆಚ್ಚಗಾಯ್ತು, ಜುಮ್ಮಂತು ಅಂತ ಸಂಭ್ರಮಪಡೋರ ಹೆಜ್ಜೆ ನೋಡಿದರೆ ಪೊಳ್ಳು-ಗಟ್ಟಿ ಎರಡೂ ಕಲಸಿಹೋಗಿರುತ್ತೆ.

ಪ್ರಶ್ನೆ (ಹುಬ್ಬಳ್ಳಿ):
ಇದು ಯುದ್ಧಕಲೆ ಅಂತೀರಿ. ಇಷ್ಟು ನಿಧಾನ ಹೊಡದ್ರ ಎದುರಿನಾಂವ ಚಾ ಕುಡದು ಬರ್ತಾನಲ್ರಿ?

ಉತ್ತರ:
ಬರಲಿ ಬಿಡ್ರಿ, ನಮಗೂ ಒಂದು ಕಪ್ ತರಲಿ! ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಊರಿನ ಚೆನ್ ಶೈಲಿ ನೋಡಿ ಒಮ್ಮೆ. ಅದರ ಎರಡನೇ ಸರಣಿ ‘ಪಾವ್ ಚುಯಿ’ಯಲ್ಲಿ ನೆಗೆತ, ಕಾಲು ಕುಟ್ಟೋದು, ಸಿಡಿಯೋ ಮುಷ್ಟಿ ಎಲ್ಲ ಇವೆ. ಯಾಂಗ್ ಮನೆತನದ ಮೂಲಪುರುಷ ಯಾಂಗ್ ಲುಚಾನ್ (1799–1872) ಕಲಿತದ್ದೂ ಅದೇ ಊರಲ್ಲಿ. ನಿಧಾನ ಅನ್ನೋದು ನಮ್ಮ ಸಂಗೀತದ ಒಂದನೇ ಕಾಲ ಇದ್ದಂಗ. ಮೂರನೇ ಕಾಲದಲ್ಲಿ ತಪ್ಪು ಸ್ವರ ಬಚ್ಚಿಟ್ಟುಕೊಳ್ಳಬಹುದು, ಒಂದನೇ ಕಾಲದಲ್ಲಿ ಆಗಲ್ಲ.

ನಿಧಾನಕ್ಕೆ ಇನ್ನೊಂದು ಲಾಭ ‘ತುಯಿ ಶೌ’ನಲ್ಲಿ ಕಾಣುತ್ತೆ. ಇಬ್ಬರು ಎದುರುಬದುರು ನಿಂತು ಮುಂಗೈ ತಾಗಿಸಿ ತಳ್ಳಾಡೋ ಅಭ್ಯಾಸ ಅದು. ಎದುರಿನವರ ಭಾರ ಯಾವ ಕಾಲಲ್ಲಿದೆ ಅಂತ ಮುಂಗೈಯಿಂದಲೇ ಪತ್ತೆ ಹಚ್ಚಬೇಕು. ಅದಕ್ಕೆ ಅವರು ‘ಕೇಳಿಸಿಕೊಳ್ಳೋದು’ ಅಂತಾರೆ. ತೋಳಲ್ಲಿ ಬಲ ತುಂಬಿದ್ದರೆ ಏನೂ ಕೇಳಲ್ಲ. ನಮ್ಮಜ್ಜಿ ಬೀಸುಕಲ್ಲಲ್ಲಿ ರಾಗಿ ಬೀಸುವಾಗ ಗೂಟಕ್ಕೆ ಕೈ ಬರೀ ತಗುಲಿಸಿರ್ತಿದ್ದರು, ಬೀಸ್ತಿದ್ದದ್ದು ನಡು. ನಾನು ತೋಳಲ್ಲಿ ತಿರುಗಿಸೋಕೆ ಹೋಗಿ ಅರ್ಧ ಸೇರಿಗೇ ಸುಸ್ತಾಗಿ ಕೂತಿದ್ದೆ.

ಪ್ರಶ್ನೆ (ಉಡುಪಿ):
ಅಮ್ಮನಿಗೆ 72, ಪಾರ್ಕಿನ್ಸನ್ ಆರಂಭದ ಹಂತ. ಮಾಡಿಸಬಹುದಾ?

ಉತ್ತರ:
ನರರೋಗದ ಡಾಕ್ಟರ ಒಪ್ಪಿಗೆ ತಗೊಂಡು ಮಾಡಿಸಿ. 2012ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಪಾರ್ಕಿನ್ಸನ್ ಇದ್ದ 195 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ವಾರಕ್ಕೆ ಎರಡು ಸಲ, 24 ವಾರ. ಮೈಯ ಸಮತೋಲದಲ್ಲಿ ತೈಚಿ ಗುಂಪು, ಭಾರದ ವ್ಯಾಯಾಮ ಮಾಡಿದವರಿಗಿಂತಲೂ ಮೈಕೈ ಹಿಗ್ಗಿಸುವ ವ್ಯಾಯಾಮದವರಿಗಿಂತಲೂ ಮುಂದಿತ್ತು. ಬೀಳೋದು ಕಡಿಮೆಯಾದದ್ದು ಹಿಗ್ಗಿಸುವ ಗುಂಪಿಗೆ ಹೋಲಿಸಿದಾಗ ಮಾತ್ರ. ಕಾಯಿಲೆ ವಾಸಿಯಾಗುತ್ತೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಅಮ್ಮನಿಗೆ ಫಾರ್ಮ್ ಬೇಡ. ಅಡುಗೆಮನೆ ಕಟ್ಟೆ ಹಿಡಿದುಕೊಂಡು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಭಾರ ಸಾಗಿಸಲಿ. ಪಕ್ಕದಲ್ಲಿ ನೀವಿರಿ.

ಮೊದಲ ಪ್ರಶ್ನೆಯವರು (ಮೂರು ದಿನ ಬಿಟ್ಟು):
ಸಾರ್, ಯಂತ್ರ ಇಟ್ಟು ನೋಡಿದೆ. ನನ್ನ ತೂಕ 71 ಕೆಜಿ. ಬಲಹಿಮ್ಮಡಿ ಇಡುವಾಗ ಸೊನ್ನೆ ಅಂತ ಆಣೆ ಮಾಡೋಕೂ ತಯಾರಿದ್ದೆ. ಮುಳ್ಳು ನೋಡ್ತಿದ್ದ ನಮ್ಮನೆಯವರು ‘18’ ಅಂದರು. ಹೆಜ್ಜೆ ಚಿಕ್ಕದು ಮಾಡಿದ ಮೇಲೆ 5ಕ್ಕೆ ಬಂತು. ಎಡಹಿಮ್ಮಡಿ ಇಡುವಾಗ ಮಾತ್ರ ಏನು ಮಾಡಿದರೂ 15ರ ಕೆಳಗೆ ಇಳೀತಿಲ್ಲ.

ಉತ್ತರ:
ಎಡಗಾಲು ಮುಂದಿಡುವಾಗ ನಿಮ್ಮನ್ನ ಹೊತ್ತಿರೋದು ಬಲಗಾಲು, ಅಂದರೆ ನೋಯ್ತಿರೋ ಮಂಡಿ. ಅದು ಹೊರೋಕೆ ಹೆದರಿ ಭಾರನ ಮುಂದಕ್ಕೆ ದಾಟಿಸ್ತಿದೆ. ಬಲವಂತ ಮಾಡಬೇಡಿ. ಡಾಕ್ಟರು ನೋಡೋವರೆಗೆ ಎಡಹೆಜ್ಜೆಯನ್ನ ಇನ್ನೂ ಅರ್ಧ ಪಾದ ಕಡಿಮೆ ಮಾಡಿ, ಅಷ್ಟು ಬಗ್ಗಲೂ ಬೇಡಿ.

ಮೊದಲ ಪ್ರಶ್ನೆಯವರು:
ಗುರುವಾರ ಡಾಕ್ಟರ ಹತ್ತಿರ ಹೋಗ್ತಿದ್ದೀನಿ ಸಾರ್. ಮಣೆ, ಯಂತ್ರ ಇನ್ನೂ ಹಾಲ್‌ನಲ್ಲೇ ಇವೆ. ದಾರೀಲಿ ಇಟ್ಟಿದ್ದೀರಿ ಅಂತ ದಿನಾ ಬೈಸಿಕೊಳ್ತಿದ್ದೀನಿ.