ಪದಚರ್ಚೆ: ‘ಫ್ಯಾಮಿಲಿ ಡಿಫೆನ್ಸ್’ಗೆ ‘ರಕ್ಷಣೆ’ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗಳು ನ್ಯೂಯಾರ್ಕ್‌ನಲ್ಲಿ ವಕೀಲೆ. ಅಲ್ಲಿ ಬಡವರ ಕೇಸುಗಳನ್ನು ಫೀಸಿಲ್ಲದೆ ನಡೆಸುವ ಕಚೇರಿಯೊಂದರ ‘ಫ್ಯಾಮಿಲಿ ಡಿಫೆನ್ಸ್’ ವಿಭಾಗಕ್ಕೆ ‘ಸೂಪರ್‌ವೈಸಿಂಗ್ ಅಟಾರ್ನಿ’ ಬೇಕಂತೆ. ಪಳಗಿದ ಕೈಯೇ ಆಗಬೇಕು. ಇವಳು ಅರ್ಜಿ ಹಾಕಿದ್ದಾಳೆ. ಮೊನ್ನೆ ಅಕ್ಕ ಫೋನ್ ಮಾಡಿ, “ಊರಲ್ಲಿ ಎಲ್ಲರೂ ಕೇಳ್ತಾರೆ ಕಣೋ, ಸುಮ್ನೆ ಸರ್ಕಾರಿ ವಕೀಲೆ ಅಂದ್ಬಿಡ್ಲಾ?” ಎಂದಳು.

ಬೇಡ ಎಂದೆ. ನಮ್ಮಲ್ಲಿ ಸರ್ಕಾರಿ ವಕೀಲರು ಸರ್ಕಾರದ ಪರ ನಿಲ್ಲುವವರು. ಇವಳ ಕೇಸುಗಳಲ್ಲಿ ಸರ್ಕಾರವೇ ಎದುರು ಪಕ್ಷ. ಮಗುವನ್ನು ಸರಿಯಾಗಿ ನೋಡಿಕೊಂಡಿಲ್ಲ, ಹೊಡೆದಿದ್ದಾರೆ ಎಂದು ನಗರದ ಮಕ್ಕಳ ಇಲಾಖೆ ಕೋರ್ಟಿಗೆ ಹೋಗುತ್ತದೆ. ಕೆಲವೊಮ್ಮೆ ಮಗುವನ್ನು ಕರೆದೊಯ್ದು ಬೇರೆ ಮನೆಯಲ್ಲಿ ಇಡುತ್ತದೆ. ಆಗ ಅಪ್ಪ ಅಮ್ಮನ ಕಡೆ ನಿಲ್ಲುವುದು ಇವಳ ಕೆಲಸ. ಮಗುವಿಗೆ ಬೇರೆಯೇ ವಕೀಲರು. ಇಂಥ ಕೇಸಿನಲ್ಲಿ ಬಡ ತಂದೆತಾಯಿಗೆ ಪುಕ್ಕಟೆ ವಕೀಲರು ಸಿಗಬೇಕೆಂದು ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ಕೋರ್ಟು 1972ರಲ್ಲೇ ಹೇಳಿತ್ತು. ‘ಫ್ಯಾಮಿಲಿ ಕೋರ್ಟ್ ವಕೀಲೆ’ ಎಂದರೂ ಕಷ್ಟ. ನಮ್ಮವರು ನೇರ ಡೈವೋರ್ಸ್‌ಗೆ ಹೋಗುತ್ತಾರೆ.

ನನಗೆ ಮೊದಲು ಹೊಳೆದದ್ದು ‘ಕುಟುಂಬ ರಕ್ಷಣೆ’. ಆದರೆ ಎದುರಿನ ಇಲಾಖೆ ಮಾಡುವ ಕೆಲಸಕ್ಕೂ ಕನ್ನಡದಲ್ಲಿ ‘ಮಕ್ಕಳ ರಕ್ಷಣೆ’ ಎಂದೇ ಹೆಸರು! ಮಗುವನ್ನು ಕರೆದೊಯ್ಯುವವರೂ ರಕ್ಷಕರು, ವಾಪಸ್ ಕೊಡಿ ಎನ್ನುವವರೂ ರಕ್ಷಕರು. ಓದುವವರಿಗೆ ಯಾರು ಯಾವ ಕಡೆ ಎಂದೇ ಗೊತ್ತಾಗುವುದಿಲ್ಲ.

ಆಮೇಲೆ ‘ಅಭಿರಕ್ಷಕ’ ನೆನಪಾಯಿತು. ನಮ್ಮ ಕಾನೂನು ಸೇವಾ ಪ್ರಾಧಿಕಾರದವರು ಕ್ರಿಮಿನಲ್ ಕೇಸುಗಳಲ್ಲಿ ಆರೋಪಿಯ ಪರ ನೇಮಿಸುವವರನ್ನು ‘ಕಾನೂನು ನೆರವು ಅಭಿರಕ್ಷಕರು’ ಎನ್ನುತ್ತಾರೆ. ಒಳ್ಳೆಯ ಪದವೇ. ಆದರೆ ಅದೇ ಕೋರ್ಟಿನ ಕನ್ನಡದಲ್ಲಿ ‘ಅಭಿರಕ್ಷೆ’ ಎಂದರೆ ಕಸ್ಟಡಿ. ನ್ಯಾಯಾಂಗ ಅಭಿರಕ್ಷೆ ಎನ್ನುತ್ತೇವಲ್ಲ, ಅದು. ಮಗು ಯಾರ ಕಸ್ಟಡಿಯಲ್ಲಿ ಇರಬೇಕು ಎಂಬುದೇ ಜಗಳವಾಗಿರುವಾಗ ವಕೀಲೆಯನ್ನೇ ಅಭಿರಕ್ಷಕಿ ಎಂದರೆ ಮಗುವನ್ನು ಇವಳೇ ಇಟ್ಟುಕೊಂಡ ಹಾಗೆ ಕೇಳಿಸುತ್ತದೆ, ಅಲ್ವಾ?

ಹಾಗಾಗಿ ‘ರಕ್ಷ’ ಇರುವ ಪದಗಳನ್ನೆಲ್ಲ ಬಿಟ್ಟು ‘ಪರ’ ಹಿಡಿದಿದ್ದೇನೆ. ‘ಪೋಷಕರ ಪರ ವಕೀಲೆ’ ಎನ್ನೋಣವೆಂದರೆ ಮಗುವನ್ನು ಇರಿಸಿದ ಮನೆಯವರನ್ನೂ ಸಾಕು ಪೋಷಕರು ಎನ್ನುತ್ತೇವೆ. ‘ಹೆತ್ತವರ ಪರ’ ಎಂದರೆ ಆ ಗೊಂದಲ ಇಲ್ಲ, ಕಿವಿಗೂ ಹಿತ. ಆದರೆ ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಯ ಮೇಲೂ ಇಂಥ ಕೇಸು ಬರಬಹುದಂತೆ. ಅಜ್ಜಿ ಹೆತ್ತವಳಲ್ಲ. ‘ವಕಾಲತ್ತು’ ನನಗೆ ತುಂಬಾ ಇಷ್ಟದ ಪದ. ಆದರೆ ‘ಅವನ ಪರ ವಕಾಲತ್ತು ವಹಿಸಬೇಡ’ ಎನ್ನುವಾಗ ಅವನದು ತಪ್ಪೇ ಎಂದು ಮೊದಲೇ ತೀರ್ಮಾನ ಆಗಿರುತ್ತದೆ.

ಇನ್ನು ‘ಸೂಪರ್‌ವೈಸಿಂಗ್’. ‘ಮೇಲ್ವಿಚಾರಕಿ’ ಎಂದೊಡನೆ ಅಂಗನವಾಡಿ, ಹಾಸ್ಟೆಲ್ ಕಣ್ಣ ಮುಂದೆ ಬರುತ್ತದೆ. ಇವಳ ಕೆಲಸ ಹಾಜರಿ ನೋಡುವುದಲ್ಲ. ಮಗುವನ್ನು ವಾಪಸ್ ಕೊಡಿ ಎಂದು ತಾಯಿ ಕೇಳಿಕೊಂಡರೆ ಕೋರ್ಟು ನಡೆಯುವ 3 ದಿನಗಳೊಳಗೆ ವಿಚಾರಣೆ ಆಗಬೇಕೆಂಬ ನಿಯಮ ಅಲ್ಲಿದೆ. ಅಷ್ಟರೊಳಗೆ ಹೊಸ ವಕೀಲನ ಜೊತೆ ಕೂತು ಫೈಲ್ ಓದಿ, ಸಾಕ್ಷಿಗೆ ಏನು ಕೇಳಬೇಕೆಂದು ತಿದ್ದಿ, ಬೇಕಾದರೆ ಕೋರ್ಟಿನಲ್ಲಿ ಪಕ್ಕದಲ್ಲೇ ನಿಲ್ಲಬೇಕು. ನಮ್ಮ ಕೋರ್ಟುಗಳಲ್ಲಿ ಜೂನಿಯರ್‌ಗಳು ‘ನಮ್ಮ ಸೀನಿಯರ್’ ಎನ್ನುತ್ತಾರಲ್ಲ, ಹೆಚ್ಚು ಕಡಿಮೆ ಅದೇ. ಆದರೆ ಬರೆಯುವಾಗ ‘ಹಿರಿಯ ವಕೀಲೆ’ ಎಂದರೆ ಅದು ಹೈಕೋರ್ಟು, ಸುಪ್ರೀಂ ಕೋರ್ಟು ಕೊಡುವ ಪದವಿ ಆಗಿಬಿಡುತ್ತದೆ.

ಸದ್ಯಕ್ಕೆ ಅಕ್ಕನಿಗೆ ‘ತಂದೆತಾಯಿ ಪರ ವಕೀಲರ ಸೀನಿಯರ್’ ಎಂದು ಹೇಳಿಕೊಟ್ಟಿದ್ದೇನೆ. “ಉದ್ದ ಜಾಸ್ತಿ ಆಯ್ತು” ಎಂದಳು. ತಾಲ್ಲೂಕು ಕೋರ್ಟುಗಳ ಕನ್ನಡ ಬಲ್ಲವರು ಯಾರಾದರೂ ಇದ್ದೀರಾ? ಜೂನಿಯರ್‌ಗಳನ್ನು ತಿದ್ದುವ ವಕೀಲರಿಗೆ ‘ಸೀನಿಯರ್’ ಬಿಟ್ಟು ಬೇರೆ ಹೆಸರು ಬಳಕೆಯಲ್ಲಿ ಕೇಳಿದ್ದೀರಾ? ಅಜ್ಜಿಯನ್ನೂ ಒಳಗೊಳ್ಳುವ, ಆದರೆ ಸಾಕು ಮನೆಯವರನ್ನು ಹೊರಗಿಡುವ ಪದ ಹೊಳೆದರೆ ಅದನ್ನೂ ತಿಳಿಸಿ.