ಸಹಾಯ ಬೇಕು: ಸಿಯೋಲ್‌ನಲ್ಲಿ ಆಪ್‌ನಿಂದ ಊಟ ತರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮನ ಜೊತೆ ಸಿಯೋಲ್‌ಗೆ ಬಂದು ನಾಲ್ಕು ದಿನ ಆಯ್ತು, ಇನ್ನೂ ಹತ್ತು ದಿನ ಇರುತ್ತೇವೆ. ಅಮ್ಮನಿಗೆ ಮಂಡಿ ನೋವು, ರಾತ್ರಿ ಊಟಕ್ಕೆ ಮತ್ತೆ ಹೊರಗೆ ಹೋಗೋಕೆ ಆಗಲ್ಲ. ಇಲ್ಲಿನವರು ಬಳಸೋ ಒಂದು ಡೆಲಿವರಿ ಆಪ್ ಹಾಕಿಕೊಂಡೆ. ಊಟ ಆರಿಸಿ, ವಿಳಾಸ ಹಾಕಿ, ಇನ್ನೇನು ಮುಗೀತು ಅನ್ನುವಾಗ ಹೆಸರು, ಹುಟ್ಟಿದ ದಿನ, ಕೊರಿಯಾದ ಮೊಬೈಲ್ ನಂಬರ್ ಎಲ್ಲಾ ಕೇಳುತ್ತೆ. ನನ್ನ ಹತ್ರ ಇರೋದು ಬರೀ ಡೇಟಾ ಇರೋ ಇ-ಸಿಮ್, ಓಟಿಪಿ ಎಲ್ಲಿಗೆ ಬರಬೇಕು ಹೇಳಿ! ನಮ್ಮ ಬ್ಯಾಂಕ್ ಕಾರ್ಡೂ ತಗೊಳ್ಳಲಿಲ್ಲ.

ನಿನ್ನೆ ಹೋಟೆಲ್ ರಿಸೆಪ್ಷನ್ ಹುಡುಗಿ ಪಾಪ, ತನ್ನ ಫೋನಿಂದಲೇ ಬಿಬಿಂಬಾಪ್ (ಅನ್ನದ ಮೇಲೆ ತರಕಾರಿ ಹಾಕಿ ಕೊಡೋ ಕೊರಿಯನ್ ಊಟ) ತರಿಸಿಕೊಟ್ಟಳು, ನಾನು ಕೈಗೆ ದುಡ್ಡು ಕೊಟ್ಟೆ. 'ಮಾಂಸ ಬೇಡ' ಅಂತ ಬರೆಸಿದ್ದೆ. ಮಾಂಸ ಇರಲಿಲ್ಲ, ಆದರೆ ಅನ್ನದ ಮೇಲೆ ಮೊಟ್ಟೆ ಕೂತಿತ್ತು. ಅಮ್ಮ ಸುಮ್ನೆ ಮುಚ್ಚಳ ಹಾಕಿ ಚಟ್ನಿಪುಡಿ ಡಬ್ಬಿ ತೆಗೆದರು. (ಇಲ್ಲಿನ ಉಪ್ಪಿನಕಾಯಿ ಥರದ ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಹಾಕುತ್ತಾರೆ ಅನ್ನೋದನ್ನ ಅವರಿಗೆ ಇನ್ನೂ ಹೇಳಿಲ್ಲ.)

ಸಿಯೋಲ್‌ನಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ? ಕೊರಿಯಾ ನಂಬರ್ ಇಲ್ಲದೆ, ವಿದೇಶಿ ಕಾರ್ಡ್ ನಡೆಯೋ ಆಪ್ ಯಾವುದು? ಇಲ್ಲಿನ ಇತೇವಾನ್ ಅನ್ನೋ ಏರಿಯಾ ಕಡೆಯ ಇಂಡಿಯನ್ ಹೋಟೆಲ್‌ಗಳಿಗೆ ನೇರವಾಗಿ ಫೋನ್ ಮಾಡಿದರೆ ಕಳಿಸುತ್ತಾರಾ? ಮಾಂಸ, ಮೀನು, ಮೊಟ್ಟೆ ಮೂರೂ ಬೇಡ ಅಂತ ಕೊರಿಯನ್‌ನಲ್ಲಿ ಬರೆದ ಸಾಲು ಯಾರ ಹತ್ರ ಆದರೂ ಇದ್ದರೆ ಇಲ್ಲೇ ಹಾಕಿ, ಕಾಪಿ ಮಾಡಿಕೊಳ್ಳುತ್ತೇನೆ. ಚಟ್ನಿಪುಡಿ ಅರ್ಧ ಡಬ್ಬಿ ಆಗಿದೆ.